ಹಡಗಿನ ಒಡಲಿನ ಪಟ್ಟಿ: ಅಪಾಯಕಾರಿ ವಸ್ತುಗಳ ದಾಖಲೆ ಮತ್ತು ಅದರ ತಂತ್ರಾಂಶವನ್ನು ಕುರಿತ ಒಂದು ವಿಮರ್ಶೆ

೧

ಒಂದು ಪಟ್ಟಿಯನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಕಾವ್ಯ, ನಾಟಕ, ಶಾಸ್ತ್ರಗ್ರಂಥಗಳು ವಿಮರ್ಶೆಗೆ ತಕ್ಕ ವಸ್ತುಗಳೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಉಗ್ರಾಣದ ಜಾಬಿತಾವನ್ನೂ ಅವುಗಳ ಸಾಲಿಗೆ ಸೇರಿಸಬಹುದೆ? ಶಾಸನಗಳನ್ನು ಅಭ್ಯಾಸ ಮಾಡಿದವರಿಗೆ ಈ ಸಂದೇಹ ಬರಲಾರದು. ದಾನಶಾಸನದಲ್ಲಿ ಕೊಟ್ಟ ಭೂಮಿಯ ಎಲ್ಲೆಗಳನ್ನು ದಿಕ್ಕುದಿಕ್ಕಿಗೆ ಹೆಸರಿಸುವ ಭಾಗವೂ ಒಂದು ಪಟ್ಟಿಯೇ. ಅದನ್ನು ಬರೆಸಿದವರಾರು, ಅದಕ್ಕೆ ಸಾಕ್ಷಿಗಳಾರು, ಯಾರು ಓದಲೆಂದು ಅದನ್ನು ಕಲ್ಲಿಗೆ ಹಾಕಿಸಿದರು ಎಂದು ವಿಚಾರಿಸಿದಾಗಲೇ ಅದರ ಅರ್ಥ ತೆರೆಯುತ್ತದೆ. ಇವೇ ಮೂರು ಪ್ರಶ್ನೆಗಳನ್ನು ನಮ್ಮ ಕಾಲದ ಒಂದು ಪಟ್ಟಿಗೆ ಹಾಕಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಸಮುದ್ರಯಾನದ ಹಡಗುಗಳಲ್ಲಿ ಅಡಕವಾಗಿರುವ ಅಪಾಯಕಾರಿ ವಸ್ತುಗಳ ಪಟ್ಟಿಯೇ ಅದು. ಇಂದು ಅದನ್ನು ತಂತ್ರಾಂಶಗಳ ನೆರವಿನಿಂದ ಸಿದ್ಧಪಡಿಸಿ ಕಾಪಾಡಿಕೊಂಡು ಬರುವ ಪದ್ಧತಿ ವ್ಯಾಪಕವಾಗಿ ಬೆಳೆದಿದೆ.

ಮೊದಲಿಗೇ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹಡಗು ಹೊತ್ತ ಸರಕಿನ ಅಪಾಯ ಬೇರೆ, ಹಡಗಿನ ಮೈಯಲ್ಲಿಯೇ ಇರುವ ಅಪಾಯ ಬೇರೆ. ೨೦೨೫ನೆಯ ಜೂನ್ ೯ರಂದು ಕೇರಳದ ಕರಾವಳಿಯಾಚೆ ‘ವಾನ್ ಹೈ ೫೦೩’ ಎಂಬ ಕಂಟೇನರ್ ಹಡಗಿಗೆ ಬೆಂಕಿ ಹತ್ತಿ, ಪಾರಾದ ೧೮ ಮಂದಿ ನಾವಿಕರನ್ನು ಮಂಗಳೂರಿಗೆ ಕರೆತಂದಾಗ ಕನ್ನಡಿಗರ ಗಮನಕ್ಕೆ ಬಂದದ್ದು ಮೊದಲನೆಯ ಬಗೆ. ಸರಕು ಒಂದು ಬಂದರಿನಲ್ಲಿ ಏರಿ ಇನ್ನೊಂದರಲ್ಲಿ ಇಳಿಯುತ್ತದೆ. ಅದರ ಪಟ್ಟಿಯ ಆಯುಷ್ಯವೂ ಅಷ್ಟೇ. ಎರಡನೆಯ ಬಗೆಯ ಅಪಾಯ ಹಡಗಿನೊಡನೆ ಹುಟ್ಟಿ, ಹಡಗಿನೊಡನೆ ತೇಲಿ, ಹಡಗನ್ನು ಒಡೆಯುವ ದಿನದವರೆಗೂ ಅಡಗಿ ಕುಳಿತಿರುತ್ತದೆ. ನಮ್ಮ ವಿಚಾರಕ್ಕೆ ವಿಷಯವಾದದ್ದು ಈ ಎರಡನೆಯದು.

೨

ಈ ಪಟ್ಟಿ ಏಕೆ ಹುಟ್ಟಿತೆಂಬುದನ್ನು ತಿಳಿಯಲು ಗುಜರಾತಿನ ಭಾವನಗರ ಜಿಲ್ಲೆಯ ಅಲಂಗ್ ಕಡಲತೀರವನ್ನು ನೆನೆಯಬೇಕು. ಖಂಭಾತ್ ಕೊಲ್ಲಿಯ ಎತ್ತರದ ಉಬ್ಬರವನ್ನು ಬಳಸಿಕೊಂಡು ಮುದಿ ಹಡಗುಗಳನ್ನು ದಡಕ್ಕೆ ನುಗ್ಗಿಸಿ, ಇಳಿತದಲ್ಲಿ ಅವನ್ನು ಅನಿಲಜ್ವಾಲೆಯಿಂದ ಕತ್ತರಿಸುವ ಉದ್ಯಮ ಅಲ್ಲಿ ೧೯೮೩ರಲ್ಲಿ ಆರಂಭವಾಯಿತು. ಒರಿಸ್ಸಾ, ಬಿಹಾರ, ಉತ್ತರಪ್ರದೇಶ, ಝಾರ್ಖಂಡಗಳಿಂದ ಬಂದ ಕೂಲಿಕಾರರು ಈ ಕೆಲಸದಲ್ಲಿ ತೊಡಗಿದರು. ಉಕ್ಕಿನ ಜತೆಗೆ ಅವರ ಕೈಗೆ ಬಂದ ಇತರ ವಸ್ತುಗಳಲ್ಲಿ ಕಲ್ನಾರು ಮುಖ್ಯವಾದದ್ದು. ಬೆಂಕಿಯನ್ನು ತಡೆಯುವ ಗುಣದಿಂದಾಗಿ ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹಡಗುಗಳಲ್ಲಿ ಅದನ್ನು ಧಾರಾಳವಾಗಿ ಬಳಸಿದ್ದರು: ಬಾಯ್ಲರಿನ ಹೊದಿಕೆಯಲ್ಲಿ, ಉಗಿಕೊಳವೆಗಳ ಸುತ್ತಿನಲ್ಲಿ, ಕೋಣೆಗಳ ಅಡ್ಡಗೋಡೆಗಳಲ್ಲಿ, ಗ್ಯಾಸ್ಕೆಟ್‌ಗಳಲ್ಲಿ. ಅದರ ಎಳೆಗಳನ್ನು ಉಸಿರಾಡಿದವನಿಗೆ ರೋಗ ಕಾಣಿಸಿಕೊಳ್ಳುವುದು ಹಲವು ದಶಕಗಳ ಮೇಲೆ. ಆ ವೇಳೆಗೆ ಹಡಗು ಕರಗಿ ಕಂಬಿಯಾಗಿರುತ್ತದೆ. ಕೂಲಿಕಾರ ಊರಿಗೆ ಮರಳಿರುತ್ತಾನೆ. ಕಾರಣವನ್ನೂ ಕಾರ್ಯವನ್ನೂ ಒಟ್ಟಿಗೆ ತೋರಿಸುವ ಸಾಕ್ಷಿ ಉಳಿದಿರುವುದಿಲ್ಲ. ಕತ್ತರಿಸುವ ಮುನ್ನ ಬರೆದಿಟ್ಟ ದಾಖಲೆಗೆ ಇಷ್ಟೊಂದು ಮಹತ್ವ ಬಂದದ್ದು ಈ ಕಾರಣದಿಂದ.

೨೦೦೩ನೆಯ ಅಕ್ಟೋಬರ್ ೧೪ರ ಆದೇಶದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ಹಡಗಿನ ಒಡೆಯನು ಅಪಾಯಕಾರಿ ವಸ್ತುಗಳ ಪೂರ್ಣ ಪಟ್ಟಿಯನ್ನು ಒಪ್ಪಿಸಬೇಕೆಂದೂ, ಪಟ್ಟಿಯಿಲ್ಲದೆ ಒಡೆಯುವ ಅನುಮತಿ ಕೊಡಬಾರದೆಂದೂ ವಿಧಿಸಿತು. ಅಂತಹ ಪಟ್ಟಿ ಎಷ್ಟು ನಂಬತಕ್ಕದ್ದು ಎಂಬ ಪ್ರಶ್ನೆ ಬಹುಬೇಗನೆ ಎದುರಾಯಿತು. ‘ಕ್ಲೆಮಾನ್ಸೊ’ ಎಂಬ ಫ್ರೆಂಚ್ ವಿಮಾನವಾಹಕ ಹಡಗು ೨೦೦೫ನೆಯ ಡಿಸೆಂಬರ್ ೩೧ರಂದು ತೂಲಾನ್ ಬಂದರಿನಿಂದ ಅಲಂಗ್‌ಗೆ ಹೊರಟಿತು. ಅದರಲ್ಲಿ ಉಳಿದಿರುವ ಕಲ್ನಾರು ಸುಮಾರು ೪೫ ಟನ್ ಎಂದು ಫ್ರೆಂಚ್ ಸರ್ಕಾರದ ಲೆಕ್ಕ. ಮೊದಲು ಅದನ್ನು ತೆಗೆಯುವ ಕೆಲಸ ಮಾಡಿದ ಗುತ್ತಿಗೆದಾರರ ಅಂದಾಜು ೫೦೦ರಿಂದ ೧,೦೦೦ ಟನ್. ಇದೂ ಸಾಲದೆಂಬಂತೆ, ತೆಗೆದುದಾಗಿ ಹೇಳಿದ ೧೧೫ ಟನ್ನುಗಳಲ್ಲಿ ೮೫ಕ್ಕೆ ಮಾತ್ರ ವಿಲೇವಾರಿಯ ಲೆಕ್ಕ ಸಿಕ್ಕಿತು. ೨೦೦೬ನೆಯ ಫೆಬ್ರವರಿ ೧೫ರಂದು ಅಧ್ಯಕ್ಷ ಶಿರಾಕ್ ಹಡಗನ್ನು ಹಿಂದಕ್ಕೆ ಕರೆಸಿದರು. ಕಡೆಗೆ ಅದನ್ನು ಒಡೆದದ್ದು ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ. ಒಂದೇ ಹಡಗು, ಒಂದೇ ವಸ್ತು. ಎರಡು ಲೆಕ್ಕಗಳ ನಡುವೆ ಹತ್ತು ಇಪ್ಪತ್ತು ಪಟ್ಟು ಅಂತರ! ಸುಸಂಘಟಿತವಾದ ಒಂದು ರಾಷ್ಟ್ರದ ನೌಕಾಪಡೆಗೇ ತನ್ನ ಹಡಗಿನ ಒಡಲನ್ನು ನಂಬುವಂತೆ ಪಟ್ಟಿಮಾಡಲಾಗಲಿಲ್ಲವೆಂಬುದು ಇಲ್ಲಿ ಗಮನಾರ್ಹ.

ಅದೇ ವರ್ಷ ಅಲಂಗ್‌ಗೆ ಬಂದ ‘ಬ್ಲೂ ಲೇಡಿ’ಯ ಕಥೆಯೂ ಇದಕ್ಕೆ ಸಮೀಪದ್ದು. ೧೯೬೨ರಲ್ಲಿ ‘ಫ್ರಾನ್ಸ್’ ಎಂಬ ಹೆಸರಿನಿಂದ ಮೊದಲ ಯಾನ ಮಾಡಿ, ಬಳಿಕ ‘ನಾರ್ವೆ’ಯಾಗಿದ್ದ ಈ ಭಾರಿ ಪ್ರಯಾಣಿಕ ಹಡಗಿನಲ್ಲಿ ಕಲ್ನಾರು ಬೆರೆತ ಸಾಮಗ್ರಿ ಸಾವಿರ ಟನ್ನಿಗೂ ಮಿಗಿಲಾಗಿ ಇದೆಯೆಂದು ಅಂದಾಜಾಗಿತ್ತು. ಹೊಗೆಯನ್ನು ಪತ್ತೆಹಚ್ಚುವ ಉಪಕರಣಗಳಲ್ಲಿ ಅಮೆರಿಸಿಯಂ ಎಂಬ ವಿಕಿರಣಶೀಲ ಧಾತು ಇದೆಯೆಂಬ ಆಕ್ಷೇಪವೂ ಎದ್ದಿತು. ೨೦೦೭ನೆಯ ಸೆಪ್ಟೆಂಬರ್ ೧೧ರಂದು ನ್ಯಾಯಾಲಯ ಒಡೆಯಲು ಅನುಮತಿ ನೀಡಿತು. ಆದರೆ ಹಡಗು ದಡಕ್ಕೆ ಬಂದಮೇಲೆ ಪಟ್ಟಿಯನ್ನು ಕುರಿತು ವಾದಿಸುವುದು, ಮನೆ ಕಟ್ಟಿದ ಮೇಲೆ ಅಡಿಪಾಯವನ್ನು ಅಳೆಯಹೊರಟಂತೆ ಎಂಬುದು ಎಲ್ಲರಿಗೂ ಮನವರಿಕೆಯಾಯಿತು.

೨೦೦೯ನೆಯ ಮೇ ತಿಂಗಳಲ್ಲಿ ಹಾಂಗ್‌ಕಾಂಗಿನಲ್ಲಿ ಅಂಗೀಕಾರವಾದ ಅಂತರರಾಷ್ಟ್ರೀಯ ಒಪ್ಪಂದವು ಪಟ್ಟಿಯನ್ನು ಹಡಗಿನ ಅಂತ್ಯಕಾಲದಿಂದ ಜನ್ಮಕಾಲಕ್ಕೆ ಒಯ್ದಿತು. ಭಾರತವು ೨೦೧೯ರಲ್ಲಿ ಅದಕ್ಕೆ ಸೇರಿ, ಅದೇ ವರ್ಷ ಹಡಗುಗಳ ಮರುಬಳಕೆಯ ಕಾಯಿದೆಯನ್ನೂ ಮಾಡಿತು. ಒಪ್ಪಂದ ಜಾರಿಗೆ ಬಂದದ್ದು ೨೦೨೫ನೆಯ ಜೂನ್ ೨೬ರಂದು. ಅಂತರರಾಷ್ಟ್ರೀಯ ಯಾನದ, ೫೦೦ ಗ್ರಾಸ್ ಟನ್ನೇಜ್ ಮತ್ತು ಅದಕ್ಕೆ ಮೇಲ್ಪಟ್ಟ ಹೊಸ ಹಡಗುಗಳು ಈ ಪಟ್ಟಿಯನ್ನು ಹೊಂದಿರಲೇಬೇಕು. ಹಳೆಯ ಹಡಗುಗಳಿಗೆ ಐದು ವರ್ಷಗಳ ಅವಧಿಯುಂಟು, ಅದಕ್ಕೆ ಮೊದಲೇ ಒಡೆಯುವುದಾದರೆ ಒಡೆಯುವ ಮುನ್ನ. ಐರೋಪ್ಯ ಒಕ್ಕೂಟವು ತನ್ನ ೨೦೧೩ರ ನಿಯಮದ ಮೂಲಕ, ತನ್ನ ಬಂದರುಗಳಿಗೆ ಬರುವ ಅನ್ಯದೇಶೀಯ ಹಡಗುಗಳಿಗೂ ೨೦೨೦ನೆಯ ಡಿಸೆಂಬರ್ ೩೧ರಿಂದ ಪಟ್ಟಿಯನ್ನು ಕಡ್ಡಾಯ ಮಾಡಿತ್ತು. ಯುದ್ಧನೌಕೆಗಳಿಗೆ ಮಾತ್ರ ಒಪ್ಪಂದ ಅನ್ವಯಿಸದು. ಪ್ರಶ್ನೆಯನ್ನು ಜಗತ್ತಿನ ಮುಂದೆ ಎತ್ತಿದ ‘ಕ್ಲೆಮಾನ್ಸೊ’ವಿನಂಥ ಹಡಗು ಇಂದಿಗೂ ಅದರ ಉತ್ತರದ ವ್ಯಾಪ್ತಿಗೆ ಹೊರಗೇ ಉಳಿದಿದೆ.

೩

ಪಟ್ಟಿಯಲ್ಲಿ ಮೂರು ಭಾಗಗಳುಂಟು. ಹಡಗಿನ ಕಟ್ಟಡದಲ್ಲಿಯೂ ಯಂತ್ರೋಪಕರಣಗಳಲ್ಲಿಯೂ ಅಡಕವಾದ ವಸ್ತುಗಳು ಮೊದಲನೆಯದಕ್ಕೆ ಸೇರುತ್ತವೆ. ಹಡಗು ನಡೆಯುವಾಗ ಹುಟ್ಟುವ ತ್ಯಾಜ್ಯಗಳು ಎರಡನೆಯದಕ್ಕೆ. ಉಗ್ರಾಣದ ಸಾಮಗ್ರಿಗಳು ಮೂರನೆಯದಕ್ಕೆ. ಕೊನೆಯ ಎರಡನ್ನು ಒಡೆಯುವ ಮುನ್ನ ಬರೆದರೆ ಸಾಕು. ಮೊದಲನೆಯದನ್ನು ಹಡಗಿನ ಆಯುಷ್ಯದುದ್ದಕ್ಕೂ ತಿದ್ದುತ್ತ ಬರಬೇಕು. ಕಲ್ನಾರು, ಪಿ.ಸಿ.ಬಿ. ಎಂಬ ಕ್ಲೋರಿನ್‌ಯುಕ್ತ ತೈಲಗಳು, ಓಜೋನ್ ಪದರವನ್ನು ಕೆಡಿಸುವ ಅನಿಲಗಳು, ಹಡಗಿನ ತಳಕ್ಕೆ ಬಳಿಯುವ ವಿಷಯುಕ್ತ ಬಣ್ಣಗಳು, ಸೀಸ, ಪಾದರಸ, ಕ್ಯಾಡ್ಮಿಯಂ, ವಿಕಿರಣಶೀಲ ವಸ್ತುಗಳು ಮೊದಲಾದವು ಇದರಲ್ಲಿ ಬರುತ್ತವೆ. ಪ್ರತಿಯೊಂದಕ್ಕೂ ಸ್ಥಳ ಮತ್ತು ಅಂದಾಜು ಪ್ರಮಾಣವನ್ನು ಬರೆಯಬೇಕು.

ಈ ಭಾಗವು ಹಡಗಿಗೆ ಸೇರಿದ್ದು, ಒಡೆಯನಿಗಲ್ಲ ಎಂಬುದು ಮಾರ್ಗದರ್ಶಿ ಸೂತ್ರಗಳ ಆಶಯ. ಒಡೆಯ ಬದಲಾಗಲಿ, ಧ್ವಜ ಬದಲಾಗಲಿ, ಪಟ್ಟಿಯ ಪರಂಪರೆ ಕಡಿಯಕೂಡದು. ಇದು ಮೆಚ್ಚತಕ್ಕ ತತ್ತ್ವ. ಮುದಿ ಹಡಗುಗಳನ್ನು ನಗದು ವ್ಯಾಪಾರಿಗಳು ಕೊಂಡು, ಹೆಸರನ್ನೂ ಧ್ವಜವನ್ನೂ ಬದಲಿಸಿ ಅಂತ್ಯಯಾನಕ್ಕೆ ಕಳಿಸುವ ರೂಢಿಯಿರುವಲ್ಲಿ ಇಂಥದೊಂದು ತತ್ತ್ವವಿಲ್ಲದೆ ಪಟ್ಟಿಗೆ ಬೆಲೆಯೇ ಇರಲಾರದು.

ಪಟ್ಟಿಯನ್ನು ಬರೆಯುವ ಬಗೆ ಎರಡು. ಹೊಸ ಹಡಗಿನ ವಿಷಯದಲ್ಲಿ, ಬಿಡಿಭಾಗಗಳನ್ನು ಒದಗಿಸಿದ ಪ್ರತಿಯೊಬ್ಬರೂ ಅದರಲ್ಲಿ ಏನಿದೆಯೆಂಬ ವಸ್ತುವಿವರದ ಘೋಷಣೆಯನ್ನೂ, ಆ ವಿವರಕ್ಕೆ ಹೊಣೆ ಹೊರುವ ಇನ್ನೊಂದು ಘೋಷಣೆಯನ್ನೂ ಕೊಡಬೇಕು. ಹಳೆಯ ಹಡಗಿನ ವಿಷಯದಲ್ಲಿ, ಬಲ್ಲವರು ನಕ್ಷೆಗಳನ್ನು ನೋಡಿ, ಹಡಗನ್ನು ಹತ್ತಿ ಇಳಿದು, ಸಂದೇಹ ಬಂದಲ್ಲಿ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಒಂದು ಮಾತಿನ ಸಾಕ್ಷ್ಯ. ಇನ್ನೊಂದು ಕಣ್ಣಿನ ಮತ್ತು ಕೈಯ ಸಾಕ್ಷ್ಯ. ಮುಂದಿನ ವಿವೇಚನೆಯೆಲ್ಲ ಈ ಭೇದವನ್ನೇ ಅವಲಂಬಿಸಿದೆ.

೪

ಇನ್ನು ತಂತ್ರಾಂಶದ ವಿಚಾರ. ಜಪಾನಿನ ಕ್ಲಾಸ್ ಎನ್‌ಕೆ ಸಂಸ್ಥೆಯ ‘ಪ್ರೈಮ್‌ಶಿಪ್ ಇನ್ವೆಂಟರಿ’ಯೇ ಮೊದಲಾಗಿ ಇಂಥವು ಹಲವಿವೆ. ವಿವರಗಳಲ್ಲಿ ವ್ಯತ್ಯಾಸಗಳಿದ್ದರೂ ಇವುಗಳ ಸಾಮಾನ್ಯ ರೀತಿ ಒಂದೇ. ಹಡಗಿನ ಖರೀದಿಯ ಆದೇಶಗಳನ್ನು ತಂತ್ರಾಂಶವು ಒಂದೊಂದಾಗಿ ಪರಿಶೀಲಿಸಿ, ಸಂದೇಹಾಸ್ಪದವಾದ ಸಾಮಗ್ರಿಗಳನ್ನು ಗುರುತಿಸುತ್ತದೆ. ಒದಗಿಸಿದವರಿಂದ ಘೋಷಣೆಗಳನ್ನು ಕೇಳಿ ಪಡೆಯುತ್ತದೆ. ಬಾರದಿದ್ದರೆ ಮತ್ತೆ ಮತ್ತೆ ಜ್ಞಾಪಿಸುತ್ತದೆ. ಬಂದುದನ್ನು ಮಿತಿಗಳೊಡನೆ ಹೋಲಿಸುತ್ತದೆ. ಮಿತಿಮೀರಿದ ವಸ್ತುವನ್ನು ಸ್ಥಳನಿರ್ದೇಶಸಹಿತವಾಗಿ ಪಟ್ಟಿಗೆ ಸೇರಿಸಿ, ತೆಗೆದುಹಾಕಿದ್ದನ್ನು ಪಟ್ಟಿಯಿಂದ ಹೊಡೆದುಹಾಕುತ್ತದೆ.

ಇದರ ಉಪಕಾರವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ದೊಡ್ಡ ಹಡಗೊಂದು ವರ್ಷಕ್ಕೆ ಕೊಳ್ಳುವ ಬಿಡಿಭಾಗಗಳು ಅಸಂಖ್ಯ. ಒದಗಿಸುವವರು ಹತ್ತಾರು ದೇಶಗಳಲ್ಲಿ ಹರಡಿರುತ್ತಾರೆ. ಈ ಕಾಗದಪತ್ರಗಳನ್ನು ಗುಮಾಸ್ತನೊಬ್ಬ ಕೈಬರಹದಲ್ಲಿ ಹೊಂದಿಸಿಕೊಂಡು ಹೋಗುವುದು ಅಸಾಧ್ಯ. ಬಂದರಿನ ಅಧಿಕಾರಿ ಕೇಳಿದೊಡನೆ ಇಪ್ಪತ್ತು ವರ್ಷ ಹಿಂದಿನ ಘೋಷಣೆಯನ್ನು ತೆಗೆದು ತೋರಿಸುವ ಶಕ್ತಿ ತಂತ್ರಾಂಶಕ್ಕಲ್ಲದೆ ಬೇರೆಯದಕ್ಕಿಲ್ಲ. ‘ಕ್ಲೆಮಾನ್ಸೊ’ ಹಡಗಿನ ಕಾಲದಲ್ಲಿ ಇಂತಹ ವ್ಯವಸ್ಥೆಯಿದ್ದಿದ್ದರೆ, ತೆಗೆದುದೆಷ್ಟು ಸಂದುದೆಷ್ಟು ಎಂಬ ಲೆಕ್ಕವಾದರೂ ತಾಳೆಯಾಗುತ್ತಿತ್ತು.

ಆದರೂ ತಂತ್ರಾಂಶದ ಗುಣವೆಲ್ಲಿದೆಯೋ ದೋಷವೂ ಅಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ‘ದಾಸ್ತಾನು ಪಟ್ಟಿ’ ಎಂಬ ಕಲ್ಪನೆ ಉಗ್ರಾಣದಿಂದ ಬಂದದ್ದು. ಉಗ್ರಾಣದಲ್ಲಿ ಅಕ್ಕಿ ಬರುತ್ತದೆ, ಹೋಗುತ್ತದೆ. ಬಂದುದರಲ್ಲಿ ಹೋದದ್ದನ್ನು ಕಳೆದರೆ ಶಿಲ್ಕು. ಶಿಲ್ಕನ್ನು ಅಳೆದು ನೋಡುವುದಕ್ಕೂ ಅಡ್ಡಿಯಿಲ್ಲ. ಹಡಗಿನ ಕಲ್ನಾರು ಇಂತಹ ದಾಸ್ತಾನಲ್ಲ. ಅದು ಗೋಡೆಯ ಹಿಂದೆ, ಕೊಳವೆಯ ಹೊದಿಕೆಯ ಒಳಗೆ, ಯಂತ್ರದ ಸಂದಿನಲ್ಲಿ ಹುದುಗಿರುವ ಒಡಲಿನ ಭಾಗ. ಅದನ್ನು ಅಳೆಯಬೇಕಾದರೆ ಬಿಚ್ಚಬೇಕು. ತಂತ್ರಾಂಶವು ಬಾಗಿಲಿನಲ್ಲಿ ಕುಳಿತು, ಒಳಗೆ ಬರುವುದನ್ನು ಎಚ್ಚರದಿಂದ ಬರೆದುಕೊಳ್ಳುತ್ತದೆ. ಮೊದಲೇ ಒಳಗಿದ್ದುದನ್ನು ಕುರಿತು, ಯಾರೋ ಒಮ್ಮೆ ಹೇಳಿದ್ದನ್ನು ಕಾಪಾಡುತ್ತದೆಯೇ ಹೊರತು ಹೆಚ್ಚೇನನ್ನೂ ಮಾಡಲಾರದು. ಆದುದರಿಂದ ಆರಂಭದ ಪಟ್ಟಿ ತಪ್ಪಾಗಿದ್ದರೆ, ತಂತ್ರಾಂಶವು ಆ ತಪ್ಪನ್ನು ಹಡಗಿನ ಆಯುಷ್ಯದುದ್ದಕ್ಕೂ ಒಂದಕ್ಷರವೂ ಕೆಡದಂತೆ ಕಾಪಾಡಿಕೊಂಡು ಬರುತ್ತದೆ.

೫

ಓಲೆಯ ಪ್ರತಿಗಳನ್ನು ಪರಿಷ್ಕರಿಸುವವರು ಲಿಪಿಕಾರರ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಪಾಲಿಸುತ್ತಾರೆ. ಅಕ್ಷರಗಳು ದುಂಡಗಿವೆಯೆಂದ ಮಾತ್ರಕ್ಕೆ ಪಾಠ ಶುದ್ಧವೆಂದು ಅವರು ಭಾವಿಸುವುದಿಲ್ಲ. ಅಂದವಾದ ಪ್ರತಿಯಲ್ಲಿ ಅಡಗಿದ ಅಪಪಾಠ ಹೆಚ್ಚು ಅಪಾಯಕರ. ಏಕೆಂದರೆ ಅದರ ಮೇಲೆ ಸಂದೇಹ ಹುಟ್ಟುವುದಿಲ್ಲ. ತಂತ್ರಾಂಶ ಮುದ್ರಿಸಿಕೊಡುವ ಪಟ್ಟಿಗೂ ಈ ಮಾತು ಸಲ್ಲುತ್ತದೆ. ಮೂರು ಬಗೆಯ ಅಪಪಾಠಗಳನ್ನು ಇಲ್ಲಿ ಹೆಸರಿಸಬಹುದು.

ಮೊದಲನೆಯದು ಘೋಷಣೆಯಿಂದ ಬರುವ ದೋಷ. ಹಡಗಿಗೆ ಸಾಮಾನು ಒದಗಿಸುವ ವ್ಯಾಪಾರಿ ಅದನ್ನು ತಯಾರಿಸಿದವನಲ್ಲ. ತಯಾರಿಸಿದವನೂ ಒಳಗಿನ ಗ್ಯಾಸ್ಕೆಟನ್ನು ಇನ್ನೊಬ್ಬನಿಂದ ಕೊಂಡಿರುತ್ತಾನೆ. ‘ಕಲ್ನಾರು ಇಲ್ಲ’ ಎಂಬ ಮಾತು ಈ ಸರಪಣಿಯ ಕೊನೆಯ ಕೊಂಡಿಯಿಂದ ಬರುತ್ತದೆ. ಪರೀಕ್ಷಿಸಿ ನೋಡಿದವನ ಮಾತೆಂಬ ಭರವಸೆ ಅದಕ್ಕಿಲ್ಲ. ಸಮುದ್ರಸುರಕ್ಷತೆಯ ಒಪ್ಪಂದದ ಪ್ರಕಾರ ಹಡಗುಗಳಲ್ಲಿ ಕಲ್ನಾರನ್ನು ಹೊಸದಾಗಿ ಅಳವಡಿಸುವುದು ೨೦೦೨ನೆಯ ಜುಲೈ ೧ರಿಂದ ಕೆಲವು ವಿನಾಯಿತಿಗಳೊಡನೆಯೂ, ೨೦೧೧ನೆಯ ಜನವರಿ ೧ರಿಂದ ಪೂರ್ತಿಯಾಗಿಯೂ ನಿಷಿದ್ಧವಾಗಿದೆ. ನಿಷೇಧವಿದೆಯೆಂಬ ಕಾರಣದಿಂದಲೇ ವಸ್ತು ಇಲ್ಲವೆಂದು ಬರೆಯುವುದು ನಿಯಮವನ್ನು ಪ್ರಮಾಣವಾಗಿ ಹಿಡಿದು ಪ್ರತ್ಯಕ್ಷವನ್ನು ಬಿಟ್ಟಂತೆ. ತಂತ್ರಾಂಶ ಪರೀಕ್ಷಿಸುವುದು ಘೋಷಣೆ ಬಂದಿದೆಯೆ, ಕೋಷ್ಟಕ ತುಂಬಿದೆಯೆ, ಸಹಿ ಇದೆಯೆ ಎಂಬುದನ್ನು. ವಸ್ತುವನ್ನು ಅದು ಮುಟ್ಟಲಾರದು.

ಎರಡನೆಯದು ಮಿತಿಯ ದೋಷ. ಕಲ್ನಾರಿಗೆ ಒಪ್ಪಂದದ ಸೂತ್ರಗಳು ನೂರಕ್ಕೆ ೦.೧ರ ಮಿತಿಯನ್ನು ಹೇಳಿ, ನೂರಕ್ಕೆ ೧ರ ಮಿತಿಯನ್ನು ಅನುಸರಿಸಲೂ ಅವಕಾಶ ಕೊಟ್ಟಿವೆ. ಅನುಸರಿಸಿದ್ದರೆ ಪಟ್ಟಿಯಲ್ಲಿ ಅದನ್ನು ನಮೂದಿಸಬೇಕು. ನೂರಕ್ಕೆ ಅರೆಪಾಲು ಕಲ್ನಾರಿರುವ ಹಲಗೆ ಒಂದು ಪಟ್ಟಿಯಲ್ಲಿ ಅಪಾಯಕಾರಿ. ಇನ್ನೊಂದರಲ್ಲಿ ಅದರ ಹೆಸರೇ ಇಲ್ಲ. ನಮೂದನ್ನು ಓದದೆ ಫಲಿತಾಂಶವನ್ನಷ್ಟೇ ಓದುವವನಿಗೆ ಎರಡೂ ಸಮಾನವಾಗಿ ನಿರ್ದುಷ್ಟವಾಗಿ ತೋರುತ್ತವೆ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಪಟ್ಟಿಯಲ್ಲಿ ಒಂದು ವಸ್ತುವಿನ ಹೆಸರು ಇಲ್ಲದಿರುವುದಕ್ಕೆ ಎರಡು ಅರ್ಥಗಳುಂಟು: ನೋಡಿದೆವು, ಇರಲಿಲ್ಲ ಎಂಬುದೊಂದು, ನೋಡಲಿಲ್ಲ ಎಂಬುದಿನ್ನೊಂದು. ಮೊದಲನೆಯದು ಜ್ಞಾನ, ಎರಡನೆಯದು ಮೌನ. ಮುದ್ರಿತ ಪುಟದಲ್ಲಿ ಎರಡೂ ಒಂದೇ ಬಗೆಯ ಬಿಳಿಯ ಜಾಗವಾಗಿ ಕಾಣುತ್ತವೆ. ಈ ಸಂದರ್ಭದಲ್ಲಿ ಸೂತ್ರಕಾರರ ವಿವೇಕವನ್ನು ಹೊಗಳಬೇಕು. ಹಡಗಿನ ಸುರಕ್ಷತೆಗೆ ಭಂಗ ತಾರದೆ ಮಾದರಿ ತೆಗೆಯಲಾಗದ ಕಡೆ ‘ಇದೆ’, ‘ಇಲ್ಲ’ ಎಂಬ ಎರಡನ್ನೂ ಬಿಟ್ಟು ‘ಇರಬಹುದು’ ಎಂದು ಬರೆಯಲು ಅವರು ಎಡೆಗೊಟ್ಟಿದ್ದಾರೆ. ಇಡೀ ಪಟ್ಟಿಯಲ್ಲಿ ಅತ್ಯಂತ ಪ್ರಾಮಾಣಿಕವಾದ ನಮೂದು ಇದೇ ಎಂದರೆ ಅತಿಶಯೋಕ್ತಿಯಾಗಲಾರದು. ಬರೆದವನು ತನ್ನ ಅರಿವಿನ ಎಲ್ಲೆಯನ್ನೂ ಬರೆದಿದ್ದಾನೆ. ಓದುವವನಿಗೆ ಎಚ್ಚರಿಕೆ ಸಂದಿದೆ. ಆದರೆ ‘ಇರಬಹುದು’ ಎಂಬುದು ಖರ್ಚಿನ ಬಾಬು. ಒಡೆಯುವ ಅಂಗಳದಲ್ಲಿ ಅದನ್ನು ಇದೆಯೆಂದೇ ಎಣಿಸಿ ನಡೆಯಬೇಕಾಗುತ್ತದೆ. ಆದ್ದರಿಂದ ಕಾಗದದ ಮೇಲೆ ‘ಇಲ್ಲ’ವನ್ನು ಸಂಪಾದಿಸುವ ಆಸೆ ಪ್ರಬಲ; ಘೋಷಣೆಗಳನ್ನು ಸುಲಭವಾಗಿ ತರಿಸಿಕೊಡುವ ಸಾಧನವು ಆ ಆಸೆಗೆ ಅನುಕೂಲವಾಗಿಯೇ ಒದಗುತ್ತದೆ.

೬

ಕಡೆಯದಾಗಿ ಓದುಗನ ಪ್ರಶ್ನೆ. ಈ ಪಟ್ಟಿಯನ್ನು ಓದುವವರಾರು? ಹಡಗಿನ ಒಡೆಯನ ಕಛೇರಿ ಓದುತ್ತದೆ. ನೌಕಾವರ್ಗೀಕರಣ ಸಂಸ್ಥೆಯ ತಪಾಸಣೆಗಾರ ಓದುತ್ತಾನೆ. ಬಂದರಿನ ಅಧಿಕಾರಿ ಓದುತ್ತಾನೆ. ಪ್ರಮಾಣಪತ್ರವನ್ನು ಕೊಡಬೇಕೆ, ಹಡಗನ್ನು ತಡೆಯಬೇಕೆ ಎಂಬುದನ್ನು ನಿರ್ಧರಿಸಲು ಇವರಿಗೆ ಅದು ಬೇಕು. ಆದರೆ ಯಾರ ಸಲುವಾಗಿ ಅದು ಹುಟ್ಟಿತೋ ಆತ ಇವರಲ್ಲಿಲ್ಲ. ಕೈಯಲ್ಲಿ ಜ್ವಾಲೆಯನ್ನು ಹಿಡಿದು ಅಡ್ಡಗೋಡೆಯ ಮುಂದೆ ನಿಂತ ಕೂಲಿಕಾರನೇ ಪಟ್ಟಿಯ ಕೊನೆಯ ಓದುಗ. ನಿಜವಾದ ಓದುಗನೂ ಅವನೇ.

ಅವನಿಗೂ ಪಟ್ಟಿಗೂ ನಡುವೆ ಇನ್ನೊಂದು ದಾಖಲೆಯುಂಟು. ಪಟ್ಟಿಯ ಆಧಾರದ ಮೇಲೆ ಅಂಗಳದವರು ಪ್ರತಿಯೊಂದು ಹಡಗಿಗೂ ಒಡೆಯುವ ಯೋಜನೆಯನ್ನು ಬರೆಯಬೇಕು. ಆ ಯೋಜನೆ ಅಂಗಳವಿರುವ ರಾಷ್ಟ್ರ ಒಪ್ಪಿದ ಭಾಷೆಯಲ್ಲಿರಬೇಕೆಂದೂ, ಅದು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಅಲ್ಲದಿದ್ದರೆ ಈ ಮೂರರಲ್ಲೊಂದಕ್ಕೆ ಸಾಮಾನ್ಯವಾಗಿ ಅನುವಾದವಾಗಬೇಕೆಂದೂ ಒಪ್ಪಂದ ಹೇಳುತ್ತದೆ. ಅನುವಾದದ ದಿಕ್ಕನ್ನು ಗಮನಿಸಬೇಕು. ಅದು ಅಂಗಳದಿಂದ ಕಛೇರಿಯ ಕಡೆಗೆ ಮೇಲೇರುತ್ತದೆ. ಒಡಿಯಾ ಅಥವಾ ಭೋಜಪುರಿ ಆಡುವವನ ಕಡೆಗೆ ಇಳಿಯುವುದಿಲ್ಲ. ಕೆಲಸಗಾರರಿಗೆ ತರಬೇತಿ ಕೊಡಬೇಕೆಂಬ ವಿಧಿ ಅದೇ ಒಪ್ಪಂದದಲ್ಲಿದೆ, ಅದನ್ನು ಮರೆಯಬಾರದು. ಆದರೆ ಸಾಮಾನ್ಯ ತರಬೇತಿ ಬೇರೆ. ಈ ಹಡಗಿನ, ಈ ಅಂತಸ್ತಿನ, ಈ ಗೋಡೆಯ ಹಿಂದೆ ಇಂಥದಿದೆ ಎಂಬ ನಿರ್ದಿಷ್ಟ ಜ್ಞಾನ ಬೇರೆ. ಪಟ್ಟಿಯ ಪ್ರಾಣವಿರುವುದು ಆ ನಿರ್ದಿಷ್ಟತೆಯಲ್ಲಿ, ಕಳೆದುಹೋಗುವುದೂ ಅದೇ.

ಇನ್ನೊಂದು ಕೊರತೆಯನ್ನು ಇಲ್ಲಿಯೇ ಹೇಳಬೇಕು. ಪಟ್ಟಿ ನಿಜವಾಗಿತ್ತೆ ಎಂಬುದು ಪೂರ್ಣವಾಗಿ ಗೊತ್ತಾಗುವ ಕಾಲ ಒಂದೇ: ಹಡಗನ್ನು ಒಡೆಯುವಾಗ. ಆಗ ಗೋಡೆಗಳೆಲ್ಲ ತೆರೆಯುತ್ತವೆ; ಪ್ರತಿಯನ್ನು ಮೂಲದೊಡನೆ ತಾಳೆನೋಡುವ ಅವಕಾಶ ಒದಗುತ್ತದೆ. ಒಡೆದು ಮುಗಿದ ೧೪ ದಿನಗಳೊಳಗೆ ಅಂಗಳದವರು ಮುಕ್ತಾಯದ ಹೇಳಿಕೆಯೊಂದನ್ನು ಕೊಡಬೇಕೆಂಬ ವಿಧಿಯೂ ಇದೆ. ಅದರಲ್ಲಿ ಅಪಘಾತಗಳ ವರದಿಗೆ ಸ್ಥಾನವುಂಟು. ಪಟ್ಟಿಯಲ್ಲಿದ್ದುದಕ್ಕೂ ಒಡಲಲ್ಲಿ ಸಿಕ್ಕಿದ್ದಕ್ಕೂ ಇರುವ ಅಂತರವನ್ನು ಬರೆಯಲು ಪ್ರತ್ಯೇಕ ಸ್ಥಾನವಿಲ್ಲ. ಹೀಗಾಗಿ ಒಂದು ಹಡಗಿನ ಪಟ್ಟಿಯ ತಪ್ಪು, ಅದೇ ಕಟ್ಟೆಯಲ್ಲಿ ಅದೇ ನಕ್ಷೆಯಿಂದ ಕಟ್ಟಿದ ಅದರ ಒಡಹುಟ್ಟಿದ ಹಡಗಿನ ಪಟ್ಟಿಯನ್ನು ತಿದ್ದಲು ಒದಗುವುದಿಲ್ಲ. ತಂತ್ರಾಂಶವು ಅತ್ಯಂತ ಸಮರ್ಥವಾಗಿ ಮಾಡಬಲ್ಲ ಕೆಲಸ ಇದು. ಅದನ್ನು ಅದಕ್ಕೆ ವಹಿಸಿಲ್ಲವೆಂಬುದು ವಿಷಾದದ ಸಂಗತಿ.

೭

ಸೂತ್ರಗಳನ್ನು ಬಿಗಿಗೊಳಿಸಿದರೆ ಹಡಗುಗಳು ಕಟ್ಟುನಿಟ್ಟಿಲ್ಲದ ತೀರಗಳಿಗೆ ಹೋಗಿಬಿಡುತ್ತವೆ, ಆದ್ದರಿಂದ ಇರುವ ಪಟ್ಟಿಯಲ್ಲಿ ತೃಪ್ತರಾಗುವುದೇ ಲೇಸು ಎಂದು ಕೆಲವರು ವಾದಿಸಬಹುದು. ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಪಟ್ಟಿಯಿಲ್ಲದ ಕಾಲಕ್ಕಿಂತ ಪಟ್ಟಿಯಿರುವ ಕಾಲ ನಿಸ್ಸಂದೇಹವಾಗಿ ಮೇಲು. ಆದರೆ ನಾವು ಕೇಳುವುದು ಹೆಚ್ಚು ಕಾಗದವನ್ನಲ್ಲ; ಇರುವ ಕಾಗದದಲ್ಲಿ ಹೆಚ್ಚು ಸತ್ಯವನ್ನು. ಪ್ರತಿಯೊಂದು ನಮೂದಿನ ಪಕ್ಕದಲ್ಲಿಯೂ ಅದು ಹೇಗೆ ತಿಳಿಯಿತೆಂಬುದು ಎದ್ದುಕಾಣುವಂತೆ ಇರಲಿ: ಮಾದರಿಯಿಂದಲೆ, ನಕ್ಷೆಯಿಂದಲೆ, ಮಾರಿದವನ ಮಾತಿನಿಂದಲೆ, ಊಹೆಯಿಂದಲೆ. ನೋಡದೆ ಬಿಟ್ಟ ಜಾಗ ನೋಡದ ಜಾಗವೆಂದೇ ತೋರಲಿ. ಒಡೆಯುವಾಗ ಕಂಡುಬಂದ ವ್ಯತ್ಯಾಸ ಪಟ್ಟಿಗೆ ಹಿಂದಿರುಗಿ ಬರಲಿ. ಅಪಾಯದ ಗುರುತು ಗಣಕಯಂತ್ರದ ತೆರೆಯಿಂದ ಇಳಿದು, ಕತ್ತರಿಸಬೇಕಾದ ಗೋಡೆಯ ಮೇಲೆ, ಕತ್ತರಿಸುವವನು ಬಲ್ಲ ಭಾಷೆಯಲ್ಲಿ ಕಾಣಿಸಿಕೊಳ್ಳಲಿ. ಇವಾವುವೂ ಇಂದಿನ ತಂತ್ರಾಂಶಗಳ ಶಕ್ತಿಗೆ ಮೀರಿದವಲ್ಲ.

ಬರೆಸಿದವರಾರು, ಸಾಕ್ಷಿಗಳಾರು, ಓದುವವರಾರು ಎಂಬ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಈ ಪಟ್ಟಿ ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ಎರಡನೆಯದಕ್ಕೆ ಅರ್ಧ ಉತ್ತರವನ್ನು. ಮೂರನೆಯದಕ್ಕೆ ತಪ್ಪು ಉತ್ತರವನ್ನು. ಹಡಗಿನ ಒಡಲಲ್ಲಿ ಏನಿದೆಯೆಂಬ ದಾಖಲೆಯನ್ನು, ಅದು ಎಷ್ಟು ಬೇಗ ಸಿದ್ಧವಾಯಿತು, ಎಷ್ಟು ತಪಾಸಣೆಗಳಲ್ಲಿ ತೇರ್ಗಡೆಯಾಯಿತು ಎಂಬುದರಿಂದ ಅಳೆಯುವುದು ಇಂದಿನ ರೂಢಿ. ಅಲಂಗ್‌ನ ಕೆಸರಿನಲ್ಲಿ ನಿಂತವನು ಜ್ವಾಲೆಯನ್ನು ಹೊತ್ತಿಸುವ ಮುನ್ನ, ಎದುರಿನ ಗೋಡೆಯಲ್ಲಿ ಏನಿದೆಯೆಂದು ಅರಿತಿದ್ದನೆ ಎಂಬುದೇ ಅದರ ಸರಿಯಾದ ಅಳತೆಗೋಲು.